‘ಬಣ್ಣ ವ್ಯತ್ಯಾಸವಾಗಬಹುದು’ ಎಂಬ ಬೋರ್ಡನ್ನು ಇಳಿಸಿ

ಥಾಣೆಯ ನೌಪಾಡಾ ಇರಲಿ, ಕಲ್ಯಾಣದ ಸ್ಟೇಷನ್ ರಸ್ತೆ ಇರಲಿ, ಡೊಂಬಿವಲಿಯ ಗಲ್ಲಿಗಳಿರಲಿ, ವಾಶಿ ಅಥವಾ ನೆರೂಳಿನ ಸೆಕ್ಟರುಗಳಿರಲಿ, ಫೋಟೊ ಪ್ರಿಂಟ್ ಮಾಡಿಕೊಡುವ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಸಿಗುತ್ತದೆ. ಕೆಲವರು ಅದನ್ನು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ್ದಾರೆ, ಕೆಲವರು ಗೋಡೆಗೆ ಅಂಟಿಸಿದ್ದಾರೆ, ಉಳಿದವರು ಬಾಯಲ್ಲಿ ಹೇಳುತ್ತಾರೆ: “ಸ್ಕ್ರೀನಿನ ಬಣ್ಣಕ್ಕೂ ಪ್ರಿಂಟಿನ ಬಣ್ಣಕ್ಕೂ ವ್ಯತ್ಯಾಸವಾಗಬಹುದು. ತಕರಾರು ಸ್ವೀಕರಿಸುವುದಿಲ್ಲ.”

ಡೊಂಬಿವಲಿ ಪೂರ್ವದಲ್ಲಿರುವ ನನ್ನ ಎರಡು ಪ್ರಿಂಟರುಗಳ ಅಂಗಡಿಯಲ್ಲೂ ಈ ಬೋರ್ಡು ಒಂಬತ್ತು ವರ್ಷ ನೇತಾಡಿತ್ತು. ಈಗ ಇಲ್ಲ. ಉಳಿದವರೂ ಅದನ್ನು ಇಳಿಸಬೇಕು ಎಂದು ವಾದಿಸಲು ಈ ಬರಹ. ಬೋರ್ಡಿನ ಮೊದಲ ವಾಕ್ಯ ನಿಜ. ಬೆಳಕು ಸೂಸುವ ಪರದೆಯೂ ಬೆಳಕನ್ನು ಹಿಂತಿರುಗಿಸುವ ಕಾಗದವೂ ಒಂದೇ ಆಗಲಾರವು. ಎರಡನೆಯ ವಾಕ್ಯದಲ್ಲಿ ಮೋಸವಿದೆ. ವ್ಯತ್ಯಾಸ ಎಷ್ಟು, ಯಾಕೆ, ಎಲ್ಲಿ ಎಂಬುದನ್ನು ಅಳೆದು ಹೇಳಲು ಸಾಧ್ಯವಿರುವಾಗ, ಅಳೆಯದೆ ಕೂತವನು ಗಿರಾಕಿಯ ಬಾಯಿ ಮುಚ್ಚಿಸುವುದು ವ್ಯಾಪಾರದ ನಿಯಮವಲ್ಲ, ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯ.

ನಾನು ಜಾರಿಕೊಂಡ ಕತೆಯನ್ನೇ ಮೊದಲು ಹೇಳುತ್ತೇನೆ. ನಮ್ಮ ಕಡೆಯ ಹೋಟೆಲಿನವರೊಬ್ಬರು ತೀರಿಹೋದ ತಾಯಿಯ ಫೋಟೊ ತಂದರು. ಮರುದಿನ ಉತ್ತರಕ್ರಿಯೆ. ಹಾಲ್‌ನ ಟ್ಯೂಬ್‌ಲೈಟು ಹೊಳೆಯದಂತೆ ಮ್ಯಾಟ್ ಕಾಗದದಲ್ಲಿ ದೊಡ್ಡದು ಮಾಡಿ ಕೊಡಿ ಎಂದರು. ಮೊದಲು ಗ್ಲಾಸಿ ಕಾಗದದ ತುಂಡಿನ ಮೇಲೆ ಸಣ್ಣದಾಗಿ ತೆಗೆದು ನೋಡಿದೆ, ಚೆನ್ನಾಗಿ ಬಂತು. ಅದೇ ಸೆಟ್ಟಿಂಗಿನಲ್ಲಿ ಮ್ಯಾಟ್ ಹಾಳೆ ಹಾಕಿದೆ. ಮುಖ ಬೂದಿಯಾಯಿತು, ಸೀರೆಯ ಕಡುಗೆಂಪು ಕಂದಾಯಿತು. ಅಂದಾಜಿನಲ್ಲಿ ಕೆಂಪನ್ನು ಏರಿಸಿದೆ, ಬೆಳಕನ್ನು ಏರಿಸಿದೆ, ಮೂರನೆಯ ಹಾಳೆಯಲ್ಲಿ ಏನೋ ಒಂದು ಬಂತು. ಅವರು ಹೊತ್ತು ನೋಡಿ ಅಂದರು, “ಎಂತ ಮಾರಾಯ್ರೆ, ನಮ್ಮ ಅಮ್ಮ ಇಷ್ಟು ಬಿಳಿ ಇರ್ಲಿಲ್ಲ.” ನಾನು ಬಾಯಿ ಬಿಡದೆ ಬೋರ್ಡಿನ ಕಡೆ ಕೈ ತೋರಿಸಿದೆ. ಬೆಳಗಾದರೆ ಕಾರ್ಯ, ಅವರು ದುಡ್ಡು ಕೊಟ್ಟು ತೆಗೆದುಕೊಂಡು ಹೋದರು. ಆ ಫೋಟೊ ಈಗಲೂ ಅವರ ಗಲ್ಲಾದ ಹಿಂದೆ ಹಾರ ಹಾಕಿಕೊಂಡು ಇದೆ. ಅಲ್ಲಿ ಕಾಫಿ ಕುಡಿಯುವಾಗೆಲ್ಲ ಒಬ್ಬ ಅಪರಿಚಿತ ಹೆಂಗಸು ನನ್ನನ್ನು ನೋಡುತ್ತಾರೆ.

ತಪ್ಪು ಎಲ್ಲಿತ್ತು? ಪ್ರಿಂಟರಿನಲ್ಲಿ ಅಲ್ಲ, ಇಂಕಿನಲ್ಲೂ ಅಲ್ಲ. ಕಾಗದ ಬದಲಾಯಿಸಿದೆ, ಆದರೆ ಕಾಗದ ಬದಲಾಗಿದೆ ಎಂದು ಕಂಪ್ಯೂಟರಿಗೆ ಹೇಳಲಿಲ್ಲ. ನಮ್ಮ ಊರುಗಳಲ್ಲಿ ಕೆಡುವ ಇಂಕ್‌ಜೆಟ್ ಪ್ರಿಂಟುಗಳಲ್ಲಿ ಹೆಚ್ಚಿನವು ಕೆಡುವುದು ಹೀಗೆಯೇ ಎಂಬುದು ನನ್ನ ಅನುಭವ.

ಕಾಗದವನ್ನು ನಾವು ಬರೀ ಹಾಸಿಗೆ ಎಂದುಕೊಂಡಿದ್ದೇವೆ, ಬಣ್ಣ ಮಾಡುವುದು ಇಂಕು, ಕಾಗದ ಸುಮ್ಮನೆ ಕೆಳಗೆ ಬಿದ್ದುಕೊಂಡಿರುತ್ತದೆ ಎಂದು. ಹಾಗಲ್ಲ. ಪ್ರಿಂಟರಿನಲ್ಲಿ ಬಿಳಿ ಇಂಕಿಲ್ಲ. ಚಿತ್ರದಲ್ಲಿ ಎಲ್ಲೆಲ್ಲಿ ಬಿಳಿಯಿದೆಯೋ ಅದು ಕಾಗದದ್ದೇ ಬಿಳಿ. ಆ ಬಿಳಿ ನೀಲಿಯ ಕಡೆಗಿದ್ದರೆ ಅದರ ಮೇಲಿನ ಎಲ್ಲ ತಿಳಿಬಣ್ಣಗಳೂ ನೀಲಿಗೆ ಹೊರಳುತ್ತವೆ, ಕೆನೆಯ ಕಡೆಗಿದ್ದರೆ ಹಳದಿಗೆ. ಇನ್ನು ಇಂಕಿನ ಹನಿ ಗ್ಲಾಸಿ ಲೇಪನದಲ್ಲಿ ಮೇಲೆಯೇ ನಿಲ್ಲುತ್ತದೆ. ಮ್ಯಾಟ್‌ನಲ್ಲಿ ಒಳಕ್ಕೆ ಇಳಿದು ಅಗಲವಾಗುತ್ತದೆ. ಒಳ್ಳೆಯ ಗ್ಲಾಸಿ ಕಾಗದದಲ್ಲಿ ಕಪ್ಪಿನ ಸಾಂದ್ರತೆ 2ನ್ನು ದಾಟಿದರೆ ಮ್ಯಾಟ್‌ನಲ್ಲಿ ಅದು ಸುಮಾರು 1.6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದು ಲಾಗರಿತಮಿಕ್ ಅಳತೆಯಾದ್ದರಿಂದ ಅಂತರ ಸಣ್ಣದಲ್ಲ. ಒಂದೇ ಪ್ರಿಂಟರಿಗೆ ಒಂದೇ ಫೈಲ್ ಕೊಟ್ಟು ಎರಡು ಕಾಗದ ಹಾಕಿದರೆ, ಬಣ್ಣದ ಲೆಕ್ಕದಲ್ಲಿ ಅವು ಎರಡು ಬೇರೆ ಪ್ರಿಂಟರುಗಳೇ.

ಈ ಗೋಜಲನ್ನು ಬಿಡಿಸಲೆಂದೇ 1993ರಲ್ಲಿ ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿ ಎಂಟು ಕಂಪನಿಗಳು ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಮ್ ಕಟ್ಟಿದವು. ಐಸಿಸಿ ಎಂದರೆ ನಮ್ಮವರು ಕ್ರಿಕೆಟ್ ಎಂದುಕೊಳ್ಳುತ್ತಾರೆ, ಇದು ಬಣ್ಣದ ಐಸಿಸಿ. ಅವರು ಗೊತ್ತುಮಾಡಿದ ‘ಪ್ರೊಫೈಲ್’ ಎಂಬುದು ಮಂತ್ರವೇನಲ್ಲ, ಒಂದು ಮಗ್ಗಿಯ ಪುಸ್ತಕ. ಈ ಪ್ರಿಂಟರ್, ಈ ಇಂಕ್, ಈ ಕಾಗದ, ಈ ಸೆಟ್ಟಿಂಗಿನಲ್ಲಿ ಇಂಥ ಸಂಖ್ಯೆ ಕಳಿಸಿದರೆ ಇಂಥ ಬಣ್ಣ ಬರುತ್ತದೆ ಎಂಬ ಪಟ್ಟಿ. ಕೆಲವು ನೂರು ಬಣ್ಣದ ಚೌಕಗಳನ್ನು ಆ ಕಾಗದದ ಮೇಲೆ ಅಚ್ಚು ಹಾಕಿ, ಒಣಗಿಸಿ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಒಂದೊಂದನ್ನೂ ಅಳೆದು ಈ ಪಟ್ಟಿ ಮಾಡುತ್ತಾರೆ. ಆಮೇಲೆ ಕಂಪ್ಯೂಟರು ಪಟ್ಟಿಯನ್ನು ಹಿಂದಿನಿಂದ ಓದುತ್ತದೆ: ನನಗೆ ಈ ಚರ್ಮದ ಬಣ್ಣ ಬೇಕು, ಈ ಕಾಗದಕ್ಕೆ ಯಾವ ಸಂಖ್ಯೆ ಕಳಿಸಲಿ?

ನಾಲ್ಕರಲ್ಲಿ ಒಂದು ಬದಲಾದರೂ ಪುಸ್ತಕ ಸುಳ್ಳಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಏನು ನಡೆಯುತ್ತದೆ ನೋಡಿ. ಆರು ಬಣ್ಣದ ಇಂಕ್‌ಟ್ಯಾಂಕ್ ಪ್ರಿಂಟರುಗಳು, ಎಪ್ಸನ್ ಎಲ್805, ಎಲ್1800ರಂಥವು, ಮನೆಮನೆಯ ಸ್ಟುಡಿಯೊಗಳಿಗೆ ಬಂದವು. ಅವುಗಳ ಜೊತೆ ಬರುವ ಪ್ರೊಫೈಲುಗಳು ತಯಾರಕರ ಇಂಕು, ತಯಾರಕರ ಕಾಗದಕ್ಕೆ ಮಾಡಿದವು. ನಾವು ಬಾಟಲಿಯ ಇಂಕನ್ನು ಎಲ್ಲಿ ಅಗ್ಗವೋ ಅಲ್ಲಿ ತರುತ್ತೇವೆ. ಕಾಗದವನ್ನು ಮುಂಬಯಿಯ ಸಗಟು ಪೇಟೆಯಿಂದ ಹೆಸರಿಲ್ಲದ ಪ್ಯಾಕೆಟ್ಟಿನಲ್ಲಿ ತರುತ್ತೇವೆ: 180 ಜಿಎಸ್‌ಎಂ, 230 ಜಿಎಸ್‌ಎಂ, 270 ಜಿಎಸ್‌ಎಂ. ಜಿಎಸ್‌ಎಂ ಎಂದರೆ ತೂಕ. ಲೇಪನ ಏನು, ಬಿಳುಪು ಎಷ್ಟು ಎಂದು ಪ್ಯಾಕೆಟ್ಟು ಹೇಳುವುದಿಲ್ಲ. ಹೋದ ತಿಂಗಳ ಪ್ಯಾಕೆಟ್ಟಿನ ಕವರೇ ಈ ತಿಂಗಳೂ ಇರುತ್ತದೆ, ಒಳಗಿನ ಹಾಳೆ ಬೇರೆ. ಇಷ್ಟೆಲ್ಲ ಆದ ಮೇಲೆ ಪ್ರಿಂಟರಿನ ಡ್ರೈವರಿನಲ್ಲಿ ‘ಪ್ರೀಮಿಯಂ ಗ್ಲಾಸಿ’ ಎಂದು ಒತ್ತಿ, ಬಣ್ಣ ಕೆಟ್ಟರೆ ಪ್ರಿಂಟರನ್ನು ಬಯ್ಯುತ್ತೇವೆ.

ಇಲ್ಲಿ ಮೂರು ವಾದಗಳು ಎದ್ದು ನಿಲ್ಲುತ್ತವೆ. ಮೂರನ್ನೂ ನಾನೇ ಆಡಿದ್ದೇನೆ, ಆದ್ದರಿಂದ ಗೊತ್ತು.

ಒಂದನೆಯದು, “ಒರಿಜಿನಲ್ ಇಂಕ್ ಹಾಕಿ, ಎಲ್ಲ ಸರಿಹೋಗುತ್ತದೆ.” ಅರ್ಧ ನಿಜ. ಒರಿಜಿನಲ್ ಇಂಕು ಬಾಟಲಿಯಿಂದ ಬಾಟಲಿಗೆ ಬದಲಾಗುವುದು ಕಡಿಮೆ, ಬೇಗ ಮಾಸುವುದೂ ಕಡಿಮೆ. ಆದರೆ ಅದು ಕಾಗದವನ್ನು ಗುರುತಿಸುವುದಿಲ್ಲ. ಒರಿಜಿನಲ್ ಇಂಕನ್ನು ಅಪರಿಚಿತ ಮ್ಯಾಟ್ ಹಾಳೆಯ ಮೇಲೆ ಗ್ಲಾಸಿಯ ಲೆಕ್ಕದಲ್ಲಿ ಸುರಿದರೆ ದುಬಾರಿಯಾಗಿ ಕೆಡುತ್ತದೆ, ಅಷ್ಟೆ.

ಎರಡನೆಯದು, “ಇಪ್ಪತ್ತು ವರ್ಷದ ಕಣ್ಣು ನನ್ನದು, ಮೀಟರು ಯಾಕೆ?” ಹಳಬರ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಡಾರ್ಕ್‌ರೂಮಿನಲ್ಲಿ ಫಿಲ್ಟರು ಬದಲಾಯಿಸಿ ಬಣ್ಣ ಹಿಡಿದವರು ಅವರು. ಆದರೆ ಕಣ್ಣು ಹೊಂದಿಕೊಳ್ಳುತ್ತದೆ, ಅದೇ ಅದರ ಗುಣ. ನೀಲಿ ಛಾಯೆಯ ಟ್ಯೂಬಿನ ಕೆಳಗೆ ಐದು ನಿಮಿಷ ಕೂತರೆ ಆ ನೀಲಿಯೇ ಬಿಳಿಯಾಗಿ ಕಾಣತೊಡಗುತ್ತದೆ. ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುವುದರಲ್ಲಿ ಕಣ್ಣು ಜಾಣ. ನಿನ್ನೆ ನೋಡಿದ ಬಣ್ಣವನ್ನು ಇವತ್ತು ನೆನಪಿನಿಂದ ಹೇಳುವುದರಲ್ಲಿ ದಡ್ಡ. ಕಣ್ಣಿನಿಂದ ಕಂಡುಹಿಡಿದ ಪರಿಹಾರ ಒಂದು ಫೋಟೊಗೆ ಸರಿ. ಮುಂದಿನ ಫೋಟೊಗೆ ಮತ್ತೆ ಮೂರು ಹಾಳೆ ಹೋಗುತ್ತದೆ.

ಮೂರನೆಯದು, ಮೀಟರು ಕೊಂಡ ಹೊಸಬರ ಮಾತು: “ಪ್ರೊಫೈಲ್ ಹಾಕಿದ್ದೇನೆ, ಇನ್ನು ತಪ್ಪಾಗುವುದಿಲ್ಲ.” ಇದು ಎಲ್ಲಕ್ಕಿಂತ ಅಪಾಯ. ಪ್ರೊಫೈಲ್ ಎನ್ನುವುದು ಪಟ್ಟಿ. ಕೆಟ್ಟ ಸ್ಥಿತಿಯಲ್ಲಿದ್ದ ಪ್ರಿಂಟರನ್ನು ಅಳೆದರೆ ಆ ಕೆಟ್ಟ ಸ್ಥಿತಿಯನ್ನೇ ಶ್ರದ್ಧೆಯಿಂದ ಬರೆದಿಟ್ಟಂತಾಯಿತು. ಅದಕ್ಕೇ ದೋಷ ಹುಡುಕುವುದಕ್ಕೆ ಒಂದು ಕ್ರಮ ಬೇಕು. ನಾನು ಹಾಳೆ ಸುಟ್ಟು ಕಲಿತ ಕ್ರಮ ಇದು.

ಮೊದಲು ನಾಜಲ್ ಚೆಕ್. ತಿಳಿ ಕೆಂಪಿನ ಎರಡು ರಂಧ್ರ ಕಟ್ಟಿಕೊಂಡಿದ್ದರೆ ಯಾವ ಪ್ರೊಫೈಲೂ ಮುಖವನ್ನು ಉಳಿಸದು. ಎರಡನೆಯದು, ಹಾಳೆಯ ಸರಿಯಾದ ಮಗ್ಗುಲು. ಮ್ಯಾಟ್ ಹಾಳೆಯಲ್ಲಿ ಲೇಪನ ಎಷ್ಟೋ ಸಲ ಒಂದೇ ಕಡೆ ಇರುತ್ತದೆ. ಒದ್ದೆ ಬೆರಳಿನಿಂದ ಮೂಲೆ ಮುಟ್ಟಿ, ಅಂಟುವುದು ಲೇಪನದ ಕಡೆ. ಮೂರನೆಯದು, ಗಿರಾಕಿಯ ಫೋಟೊ ಬಿಟ್ಟು ಪರೀಕ್ಷೆಯ ಚಿತ್ರವೊಂದನ್ನು ತೆಗೆಯಿರಿ. ಅದರಲ್ಲಿ ಕಪ್ಪಿನಿಂದ ಬಿಳಿಗೆ ಹೋಗುವ ಬೂದಿಯ ಪಟ್ಟಿ ಇರಲಿ, ಹಲವು ಬಣ್ಣದ ಚರ್ಮವಿರಲಿ. ಬೂದಿಯೇ ಬಣ್ಣಕ್ಕೆ ತಿರುಗಿದರೆ ದೋಷ ನಿಮ್ಮ ಕಡೆಯದು. ಬೂದಿ ಬೂದಿಯಾಗಿಯೇ ಇದ್ದು ಫೋಟೊ ಮಾತ್ರ ಕೆಟ್ಟರೆ ದೋಷ ಫೈಲಿನದು.

ನಾಲ್ಕನೆಯದು, ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಹಾಳೆ ತಿಂದ ತಪ್ಪು: ಇಬ್ಬರು ಅಡುಗೆಯವರು. ಫೋಟೊಶಾಪು ಪ್ರೊಫೈಲಿನ ಪ್ರಕಾರ ಬಣ್ಣ ತಿದ್ದಿ ಕಳಿಸುತ್ತದೆ, ಪ್ರಿಂಟರಿನ ಡ್ರೈವರು ತಾನೂ ತಿದ್ದುತ್ತದೆ. ಒಬ್ಬ ಉಪ್ಪು ಹಾಕಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಮುಖಗಳು ಕೆಂಪೇರುತ್ತವೆ, ನೆರಳುಗಳು ಕಟ್ಟಿಕೊಳ್ಳುತ್ತವೆ. ಫೋಟೊಶಾಪಿನಲ್ಲಿ ಪ್ರೊಫೈಲ್ ಆರಿಸಿದರೆ ಡ್ರೈವರಿನಲ್ಲಿ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಆಗಲೇಬೇಕು. ಅಥವಾ ಎಲ್ಲವನ್ನೂ ಡ್ರೈವರಿಗೆ ಬಿಡಿ. ಇಬ್ಬರೂ ಬೇಡ. ಅಳತೆಯ ಚೌಕಗಳನ್ನು ಅಚ್ಚು ಹಾಕುವಾಗಲಂತೂ ಯಾರೂ ತಿದ್ದಬಾರದು. ಆ ಹೊತ್ತಿನಲ್ಲಿ ತಿದ್ದುಪಡಿ ನಡೆದಿದ್ದರೆ ಪ್ರೊಫೈಲ್ ಹುಟ್ಟುವಾಗಲೇ ಸುಳ್ಳು.

ಐದನೆಯದು, ಡ್ರೈವರಿನ ಕಾಗದದ ಆಯ್ಕೆ. ಎಷ್ಟು ಇಂಕು ಸುರಿಯಬೇಕೆಂದು ತೀರ್ಮಾನವಾಗುವುದು ಅಲ್ಲಿ. ಪ್ರೊಫೈಲ್ ಮಾಡುವಾಗ ‘ಮ್ಯಾಟ್’ ಇತ್ತೆಂದರೆ ಕೊನೆಯವರೆಗೂ ಅದೇ ಇರಬೇಕು. ಪಿಗ್ಮೆಂಟ್ ಇಂಕಿನ ದೊಡ್ಡ ಪ್ರಿಂಟರುಗಳಲ್ಲಿ ಎರಡು ಕಪ್ಪುಗಳಿರುತ್ತವೆ, ಒಂದು ಗ್ಲಾಸಿಗೆ, ಒಂದು ಮ್ಯಾಟಿಗೆ. ಇಲ್ಲಿ ತಪ್ಪು ಒತ್ತಿದರೆ ಕಪ್ಪು ಬೂದಿಯಾಗುತ್ತದೆ. ಆರನೆಯದು, ಒಣಗಲು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಖಾಡಿಯಂಚಿನ ಊರುಗಳಲ್ಲಿ ಒಗೆದ ಬನಿಯನ್ನೇ ಎರಡು ದಿನ ಒಣಗುವುದಿಲ್ಲ. ಡೈ ಇಂಕಿನ ಹಾಳೆ ಹತ್ತು ನಿಮಿಷದಲ್ಲಿ ಒಣಗೀತೇ? ಮುಟ್ಟಿದರೆ ಒಣಗಿದಂತಿರುತ್ತದೆ, ಆದರೆ ಬಣ್ಣ ಇನ್ನೂ ನೆಲೆಯೂರಿರುವುದಿಲ್ಲ. ಚೌಕಗಳನ್ನು ಒಂದು ದಿನ ಬಿಟ್ಟು ಅಳೆಯಿರಿ. ಮಳೆಗಾಲದಲ್ಲಿ ಕಾಗದದ ಪ್ಯಾಕೆಟ್ಟನ್ನು ತೆರೆದಿಡಬೇಡಿ.

ಏಳನೆಯದು ಬೆಳಕು. ಕಾಗದವನ್ನು ಬೆಳ್ಳಗೆ ತೋರಿಸಲು ಅದರಲ್ಲಿ ಬ್ರೈಟನರ್ ಬೆರೆಸುತ್ತಾರೆ. ಅದು ಬಿಸಿಲಿನ ನೇರಳಾತೀತ ಕಿರಣವನ್ನು ನುಂಗಿ ನೀಲಿಯಾಗಿ ಹೊರಹಾಕುತ್ತದೆ, ಬಟ್ಟೆಗೆ ಹಾಕುವ ನೀಲಿಯ ಹಾಗೆ. ನಮ್ಮ ಎಲ್‌ಇಡಿ ಟ್ಯೂಬುಗಳಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದೇ ಪ್ರಿಂಟು ಅಂಗಡಿಯೊಳಗೆ ಒಂದು, ಹೊರಗೆ ಬಿಸಿಲಿನಲ್ಲಿ ಇನ್ನೊಂದು. ಅಚ್ಚಿನ ಉದ್ಯಮ ಹೋಲಿಸಿ ನೋಡಲು 5000 ಕೆಲ್ವಿನ್‌ನ ಬೆಳಕನ್ನು ಮಾನಕವಾಗಿ ಇಟ್ಟುಕೊಂಡಿದೆ, ನಮ್ಮ ‘ಕೂಲ್ ಡೇಲೈಟ್’ ಟ್ಯೂಬು 6500. ಗಿರಾಕಿ ಫೋಟೊವನ್ನು ಎಲ್ಲಿ ತೂಗುಹಾಕುತ್ತಾನೆ ಎಂದು ಕೇಳುವುದು ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ತಾಂತ್ರಿಕ ಪ್ರಶ್ನೆ. ಕೊನೆಯದು ಸ್ಕ್ರೀನು. ಪೂರ್ತಿ ಬೆಳಕಿನಲ್ಲಿಟ್ಟ ಮಾನಿಟರಿನ ಮುಂದೆ ಕೂತು “ಪ್ರಿಂಟು ಕಪ್ಪಗೆ ಬಂತು” ಎನ್ನುವವರು ಮೊದಲು ಅದರ ಬೆಳಕನ್ನು ಇಳಿಸಿ ನೋಡಲಿ.

ಇಷ್ಟು ಮಾಡಿದ ಮೇಲೂ ಎಲ್ಲ ಕಾಗದವೂ ಎಲ್ಲ ಬಣ್ಣವನ್ನು ಹಿಡಿಯಲಾರದು. ನೆರೂಳಿನ ಕೆರೆಗಳಿಗೂ ಥಾಣೆ ಖಾಡಿಗೂ ಬರುವ ರಾಜಹಂಸಗಳನ್ನು ನೋಡಿ, ಫ್ಲೆಮಿಂಗೊಗಳು. ಥಾಣೆ ಖಾಡಿಯ ಭಾಗ 2015ರಲ್ಲಿ ಅವುಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸಾರ್ ತಾಣವಾಯಿತು. ಐರೋಲಿಯಿಂದ ದೋಣಿಯಲ್ಲಿ ಹೋಗಿ ಫೋಟೊ ತೆಗೆದು ತರುವವರು ನನ್ನಲ್ಲಿಗೂ ಬರುತ್ತಾರೆ. ಆ ತಿಳಿ ಗುಲಾಬಿ ಬ್ರೈಟನರ್ ತುಂಬಿದ ಕಾಗದದಲ್ಲಿ ನೇರಳೆಗೆ ಹೊರಳುತ್ತದೆ, ಕೆನೆಬಣ್ಣದ ಹತ್ತಿಯ ಕಾಗದದಲ್ಲಿ ಕಿತ್ತಳೆಗೆ. ರೆಕ್ಕೆಯ ಕಡುಗೆಂಪು ಮ್ಯಾಟ್‌ನಲ್ಲಿ ಚಪ್ಪಟೆಯಾಗುತ್ತದೆ. ಪ್ರೊಫೈಲ್ ಇದ್ದರೆ ಇದನ್ನು ಅಚ್ಚು ಹಾಕುವ ಮೊದಲೇ ಸ್ಕ್ರೀನಿನಲ್ಲಿ ತೋರಿಸಬಹುದು: “ನೋಡಿ ಸಾರ್, ಈ ಕಾಗದ ಈ ಕೆಂಪನ್ನು ಹಿಡಿಯುವುದಿಲ್ಲ. ಗ್ಲಾಸಿ ಹಾಕಲಾ, ಇಲ್ಲ ಇಷ್ಟು ಸಾಕಾ?” ಬೋರ್ಡು ಹೇಳಬೇಕಾದ್ದನ್ನು ಹೀಗೆ ಮನುಷ್ಯರ ಹಾಗೆ ಹೇಳಬಹುದು. ಗಿರಾಕಿ ಆಯ್ಕೆ ಮಾಡಿದ ಮೇಲೆ ತಕರಾರಿಲ್ಲ.

ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು, ಫೋಟೊ ತಾನೆ ಎನ್ನುವವರಿಗೆ ಎರಡು ಮಾತು.

ಮೊದಲನೆಯದು ಚರ್ಮದ ಬಣ್ಣ. ಫಿಲ್ಮಿನ ಕಾಲದಲ್ಲಿ ಕೊಡಾಕ್ ಲ್ಯಾಬುಗಳಿಗೆ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಅದರಲ್ಲಿದ್ದುದು ಬಿಳಿಯ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಎಂದು ಲೆಕ್ಕ. ಕಪ್ಪು ಚರ್ಮದವರು ಆ ಲೆಕ್ಕದ ಹೊರಗೆ ಉಳಿದರು. ಬೇರೆ ಬೇರೆ ಚರ್ಮದ ಹೆಂಗಸರಿರುವ ಕಾರ್ಡು ಬರಲು 1990ರ ದಶಕವಾಗಬೇಕಾಯಿತು. ಆ ಅನ್ಯಾಯವನ್ನು ಓದಿ ಬೇಸರಪಡುವ ನಾವು ಏನು ಮಾಡುತ್ತಿದ್ದೇವೆ? ನಮಗೆ ಕಾರ್ಡೂ ಇಲ್ಲ. ಮುಖ ಮಂಕಾದರೆ ಬೆಳ್ಳಗೆ ಮಾಡು, ಗಿರಾಕಿ ಖುಷಿಯಾಗುತ್ತಾನೆ ಎಂಬ ಅಭ್ಯಾಸವೇ ನಮ್ಮ ಕಾರ್ಡು. ಕಾಗದದ ಲೆಕ್ಕ ತಪ್ಪಿ ಮಂಕಾದ ಮುಖವನ್ನು ಬಿಳಿ ಬಳಿದು ಮುಚ್ಚುತ್ತೇವೆ. ಬೆಳ್ಳಗೆ ಮಾಡಿ ಎಂದು ಕೇಳುವವರು ಇದ್ದಾರೆ, ಅದು ಅವರಿಷ್ಟ. ಕೇಳದವರ ತಾಯಿಯನ್ನೂ ಬೆಳ್ಳಗೆ ಮಾಡಿದವನು ನಾನು.

ಎರಡನೆಯದು, ನಮ್ಮ ಊರಿನಲ್ಲಿ ಬಣ್ಣವೇ ಸಾಕ್ಷಿ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಿದ್ದ ಸುದ್ದಿ ದೇಶವೆಲ್ಲ ಓದಿತು. 2020ರ ಫೆಬ್ರವರಿಯಲ್ಲಿ ಇಲ್ಲಿನ ಎಂಐಡಿಸಿಯ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿಯಾಯಿತು. ಉಲ್ಹಾಸ್‌ನಗರದಿಂದ ಕಲ್ಯಾಣಕ್ಕೆ ಹರಿಯುವ ವಾಲ್ಧುನಿ ನದಿ ಜೀನ್ಸ್ ತೊಳೆಯುವ ಘಟಕಗಳ ಬಣ್ಣ ಹೊತ್ತು ಹರಿದದ್ದನ್ನು ಕಂಡವರಿದ್ದಾರೆ. ಇಂಥ ಫೋಟೊವನ್ನು ಅರ್ಜಿಗೆ ಲಗತ್ತಿಸಲು ಜನ ನಮ್ಮಂಥ ಅಂಗಡಿಗೇ ಬರುತ್ತಾರೆ. ಇಬ್ಬರು ಅಡುಗೆಯವರ ಪ್ರಿಂಟಿನಲ್ಲಿ ಆ ರಸ್ತೆ ಇದ್ದುದಕ್ಕಿಂತ ಗುಲಾಬಿಯಾಗುತ್ತದೆ, ತಪ್ಪು ಮ್ಯಾಟ್‌ನಲ್ಲಿ ಬರೀ ಮಣ್ಣಿನ ರಸ್ತೆಯಾಗುತ್ತದೆ. ಮೊಬೈಲಿನ ಕ್ಯಾಮೆರಾ ತಾನೇ ಪೂರ್ತಿ ಸತ್ಯ ಹೇಳುವುದಿಲ್ಲ, ಒಪ್ಪುತ್ತೇನೆ. ಅದರ ಮೇಲೆ ನಮ್ಮದೂ ಒಂದು ಸುಳ್ಳು ಸೇರಬೇಕಾಗಿಲ್ಲ. “ಬಣ್ಣ ವ್ಯತ್ಯಾಸವಾಗಬಹುದು” ಎಂದು ಬಿಲ್ಲಿನಲ್ಲಿ ಬರೆದುಕೊಟ್ಟ ಅಂಗಡಿಯ ಪ್ರಿಂಟನ್ನು ಯಾವ ಅಧಿಕಾರಿ ಯಾಕೆ ನಂಬಬೇಕು?

ಇನ್ನು ದುಡ್ಡಿನ ಪ್ರಶ್ನೆ, ಇದೇ ಗಟ್ಟಿ ಪ್ರಶ್ನೆ. ಒಂದು ಪ್ರಿಂಟಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ಊರಿನಲ್ಲಿ ಮೀಟರು ಕೊಳ್ಳುವವರು ಯಾರು? ಒಬ್ಬ ಕೊಳ್ಳಬೇಕಾಗಿಲ್ಲ. ನಾವು ಡೊಂಬಿವಲಿ, ಕಲ್ಯಾಣದ ನಾಲ್ಕು ಅಂಗಡಿಯವರು ಚೀಟಿ ಹಾಕಿದಂತೆ ದುಡ್ಡು ಹಾಕಿ ಹಳೆಯದೊಂದನ್ನು ಕೊಂಡೆವು. ಡಬ್ಬಿಯಲ್ಲಿಟ್ಟುಕೊಂಡು ಲೋಕಲ್ ಟ್ರೈನಿನಲ್ಲಿ ಒಯ್ಯುತ್ತೇವೆ. ಪಟ್ಟಿ ಮಾಡುವ ತಂತ್ರಾಂಶಕ್ಕೆ ಆರ್ಗಿಲ್ ಸಿಎಂಎಸ್ ಇದೆ, ಅದು ಉಚಿತ. ಕಲಿಯಲು ತಾಳ್ಮೆ ಬೇಕು, ದುಡ್ಡು ಬೇಡ. ಒಂದು ಕಾಗದದ ಪ್ರೊಫೈಲಿಗೆ ನಮಗೆ ಎ4 ಅಳತೆಯ ಎರಡು ಹಾಳೆ ಸಾಕು. ಅಂದಾಜಿನ ಆಟದಲ್ಲಿ ಒಂದೇ ಫೋಟೊಗೆ ನಾನು ಮೂರು ಹಾಳೆ ಕಳೆದಿದ್ದೆ. ಮೀಟರೇ ಬೇಡವೆನ್ನುವವರಿಗೂ ದಾರಿಯಿದೆ: ಹತ್ತು ಬಗೆಯ ಕಾಗದ ಇಡುವುದು ಬಿಟ್ಟು ಮೂರು ಇಡಿ, ತನ್ನ ಕಾಗದಕ್ಕೆ ಪ್ರೊಫೈಲ್ ಕೊಡುವ ತಯಾರಕನದ್ದನ್ನೇ ಆರಿಸಿ. ಅವನ ಪ್ರೊಫೈಲ್ ನಿಮ್ಮ ಇಂಕಿಗೂ ನಿಮ್ಮ ಪ್ರಿಂಟರಿಗೂ ಮಾಡಿದ್ದೇ ಎಂದು ನೋಡಿಕೊಳ್ಳಿ. ಪೂರ್ತಿ ಅಲ್ಲದಿದ್ದರೂ ಬೂದಿ ಮುಖದಿಂದ ಪಾರಾಗುತ್ತೀರಿ.

ಓದುಗರಿಗೂ ಒಂದು ಕೆಲಸವಿದೆ. ನೀವು ಯಾವ ಊರಿನಲ್ಲಿದ್ದರೂ, ಮನೆಯವರ ಫೋಟೊವನ್ನು ದೊಡ್ಡದು ಮಾಡಿಸುವಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಕಾಗದ? ಈ ಕಾಗದಕ್ಕೆ ಪ್ರೊಫೈಲ್ ಇದೆಯೇ? ಪೂರ್ತಿ ಹಾಳೆಗೆ ಮೊದಲು ಇದೇ ಕಾಗದದ ತುಂಡಿನಲ್ಲಿ ತೆಗೆದು ತೋರಿಸುತ್ತೀರಾ? ಮೂರನೆಯದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಬೋರ್ಡು ಇದ್ದ ಜಾಗದಲ್ಲಿ ನಾನೀಗ ಏನೂ ಹಾಕಿಲ್ಲ. ಬದಲಿಗೆ ಪ್ರತಿ ದೊಡ್ಡ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತೇನೆ: ಕಾಗದ, ಇಂಕು, ಪ್ರೊಫೈಲ್ ಮಾಡಿದ ತಾರೀಖು. ಕೆಟ್ಟರೆ ಎಲ್ಲಿ ಕೆಟ್ಟಿತು ಎಂದು ಹುಡುಕಬಹುದು, ತಕರಾರನ್ನೂ ತೆಗೆದುಕೊಳ್ಳಬಹುದು. ಹೋಟೆಲಿನವರಿಗೆ ಹೋದ ತಿಂಗಳು ಹೇಳಿದೆ, “ಅಣ್ಣಾ, ಆ ಫೋಟೊ ಒಮ್ಮೆ ಕೊಡಿ, ಬೇರೆ ಮಾಡಿ ಕೊಡ್ತೇನೆ, ದುಡ್ಡು ಬೇಡ.” ಅವರು ಗಲ್ಲಾದ ಹಿಂದೆ ತಿರುಗಿ ನೋಡಿ, “ಈಗ ಮಕ್ಕಳಿಗೆ ಅಜ್ಜಿ ಅಂದ್ರೆ ಇದೇ ಆಗಿದೆ ಮಾರಾಯ್ರೆ” ಅಂದರು. ಹೊಸದನ್ನು ಮಾಡಿಟ್ಟಿದ್ದೇನೆ. ಅವರು ಬಂದು ಕೇಳಲಿ ಎಂದು ಕಾಯುತ್ತಿದ್ದೇನೆ.